ಕೊಲಂಬೊದಿಂದ ತಂದ ಗಾಳಿ

ಒಂಟಿಕೊಪ್ಪಲಿನ ದೊರೆಸ್ವಾಮಿಯವರು ಸಿಲೋನಿನಲ್ಲಿ ಹದಿನೈದು ದಿನ ರಜೆ ಕಳೆದು ಬಂದಾಗಿನಿಂದ ಬೀದಿಯಲ್ಲೆಲ್ಲ ಅದೇ ಮಾತು. ಅಲ್ಲಿ ಸಮುದ್ರದಡಿ ಹವಳದ ತೋಟವಂತೆ, ಮೀನುಗಳು ಬಂದು ಕೈ ಮೂಸುತ್ತವಂತೆ. ಬೆನ್ನಿಗೆ ಕಟ್ಟುವ ಗಾಳಿಯ ಸಿಲಿಂಡರು, ಮುಖಕ್ಕೆ ಗಾಜು, ಮುಳುಗಲು ಸೊಂಟಕ್ಕೆ ಸೀಸದ ಪಟ್ಟಿ ಎಲ್ಲವನ್ನೂ ಕೊಂಡು ತಂದಿದ್ದರು. ಭಾನುವಾರ ತಮ್ಮ ಹಿತ್ತಲಿನ ಬಾವಿಗೇ ಇಳಿದು ತೋರಿಸುವೆನೆಂದರು.

ತಿಮ್ಮಮ್ಮ ಅಂದೂ ಕೇರಿಯ ಹೆಂಗಸರೊಂದಿಗೆ ಬೇಲಿಯ ಹೊರಗೆ ಬಿಂದಿಗೆ ಹಿಡಿದು ನಿಂತಿದ್ದಳು. ಕೇರಿಯ ನಲ್ಲಿ ಒಣಗಿ ತಿಂಗಳಾಗಿತ್ತು. ಬೀದಿಯವರೆಲ್ಲ ಸೇದುವ ಈ ಬಾವಿಯ ಹಗ್ಗವನ್ನು ಅವಳು ಮುಟ್ಟುವಂತಿಲ್ಲ. ಯಾರಾದರೂ ಮೇಲಿನಿಂದ ಹೊಯ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಸ್ಪೃಶ್ಯತೆ ಅಪರಾಧವೆಂದು ಕಾಯಿದೆ ಬಂದು ಏಳು ವರ್ಷವಾಗಿತ್ತು. ಕಾಯಿದೆ ಈ ಬೇಲಿ ದಾಟಿರಲಿಲ್ಲ. ಆದರೆ ಪ್ರತಿ ಬೇಸಗೆ ಇದೇ ಬಾವಿಗಿಳಿದು ಹೂಳೆತ್ತುವವನು, ಬಿದ್ದ ಕೊಡ ಹುಡುಕಿ ಕೊಡುವವನು ಅವಳ ಗಂಡ ಮಹದೇವು. ಅವನು ಮೇಲೆ ಬಂದದ್ದೇ ಗಂಜಲ, ತುಳಸಿ ಹಾಕಿ ಬಾವಿಯನ್ನು ಮಡಿ ಮಾಡುತ್ತಿದ್ದರು.

"ಗಾಳೀನೂ ದುಡ್ ಕೊಟ್ಟು ತತ್ತಾರಾ?" ಎಂದಳು ತಿಮ್ಮಮ್ಮ.

"ದೊಡ್ಡೋರು ಕಣಮ್ಮಿ. ನಮ್ದು ಪುಕ್ಕಟೆ ಉಸ್ರು," ಎಂದು ಪಕ್ಕದಲ್ಲಿ ನಿಂತಿದ್ದ ಮಹದೇವು ನಕ್ಕ. ಆಮೇಲೆ ಬಾವಿಕಟ್ಟೆಯತ್ತ ಕೂಗಿ ಹೇಳಿದ: "ಬುದ್ಧೀ, ಕಾಲು ಬಡೀಬ್ಯಾಡಿ, ಹೂಳು ಏಳ್ತದೆ!"

"ನೀನು ಸಮುದ್ರ ನೋಡಿದೀಯೇನಯ್ಯ?" ಎಂದರು ದೊರೆಸ್ವಾಮಿ. ಸುತ್ತಲಿದ್ದವರು ನಕ್ಕರು.

ಸಿಲಿಂಡರು ತುಂಬಿಸಿದ್ದು ಕೊಲಂಬೊದಲ್ಲಿ. ವಾರವಿಡೀ ಬಂದ ನೆಂಟರಿಗೆಲ್ಲ ಅದರಿಂದ ಉಸಿರಾಡಿಸಿ ಮೆರೆದಿದ್ದರು. ಎಷ್ಟು ಉಳಿದಿದೆಯೆಂದು ನೋಡಿರಲಿಲ್ಲ. ಇಳಿದು ಕಾಲು ಬಡಿದದ್ದೇ ನೀರು ಕೆಸರಾಯಿತು. ಗುಳ್ಳೆಗಳು ಎದ್ದವು, ವಿರಳವಾದವು, ನಿಂತವು.

ಹೆಂಡತಿ ಪ್ರೇಮಲೀಲಾ ಚೀರಿದರು: "ಮಹದೇವು! ಇಳಿಯೋ, ಇಳಿಯೋ!"

ಅವನು ಬೇಲಿ ಹಾರಿ, ಕಟ್ಟೆಯಿಂದಲೇ ಧುಮುಕಿದ. ತಿಮ್ಮಮ್ಮನೂ ಬಿಂದಿಗೆ ಹಿಡಿದೇ ಕಟ್ಟೆಗೆ ಓಡಿದಳು, ಯಾರೂ ತಡೆಯಲಿಲ್ಲ. ಉಸಿರು ಬಿಗಿಹಿಡಿದು ನಿಂತಳು. ಅವಳ ಉಸಿರು ಮುಗಿಯಿತು, ಅವನು ಬರಲಿಲ್ಲ. ಇನ್ನೊಮ್ಮೆ ಹಿಡಿದಳು. ಕೊನೆಗೆ ಮಹದೇವು ಯಜಮಾನರ ಸೀಸದ ಪಟ್ಟಿ ಬಿಚ್ಚಿ, ಅವರ ರಟ್ಟೆ ಹಿಡಿದು ಮೇಲೆ ಬಂದ. ಮೂಗಿನಿಂದ ರಕ್ತ ಇಳಿಯುತ್ತಿತ್ತು.

ದೊರೆಸ್ವಾಮಿ ಕೆಮ್ಮಿ, ಕಕ್ಕಿ, ಕಣ್ಣು ಬಿಟ್ಟರು. ಅವರಿಗೆ ಶಾಲು ಬಂತು, ಬಿಸಿ ಕಾಫಿ ಬಂತು. ಮಹದೇವು ಕಲ್ಲಿಗೊರಗಿ ನಡುಗುತ್ತಿದ್ದ.

"ಶಾಸ್ತ್ರಿಗಳಿಗೆ ಹೇಳಿಕಳಿಸಿ," ಎಂದರು ಪ್ರೇಮಲೀಲಾ, ಕಣ್ಣೊರೆಸಿಕೊಂಡು. "ಬಾವಿ ಮೈಲಿಗೆಯಾಯ್ತು. ಮಡಿಯಾಗೋವರೆಗೆ ಯಾರೂ ಸೇದಬೇಡಿ."

ತಿಮ್ಮಮ್ಮನ ಮೈ ಉರಿಯಿತು. "ನಿಮ್ ಯಜಮಾನ್ರನ್ನ ಮುಟ್ಟಿದ್ದೂ ಇದೇ ಕೈಯಲ್ವ್ರಾ ಅವ್ವಾರೆ? ಅವರ್ಗೂ ಗಂಜಲ ಹಾಕೀರಾ?"

ದೊರೆಸ್ವಾಮಿ ಕಾಫಿಯ ಲೋಟವನ್ನೇ ನೋಡುತ್ತಿದ್ದರು.

"ಸರಿ ಬುಡಿ. ಮೈಲ್ಗೆ ನೀರು ನೀವು ಕುಡೀಬ್ಯಾಡಿ. ನಮ್ಗೇ ಇರ್ಲಿ."

ಅವಳು ಹಗ್ಗಕ್ಕೆ ಕೈಹಾಕಿದಳು. "ಏಯ್, ಏಯ್!" ಎಂದು ಇಬ್ಬರು ಗಂಡಸರು ಮುಂದೆ ಬಂದರು. ಮಹದೇವು ಎದ್ದು ಒದ್ದೆ ಮೈಯಲ್ಲೇ ಅಡ್ಡ ನಿಂತ. ಅವನನ್ನು ಮುಟ್ಟದೆ ಅವಳನ್ನು ತಡೆಯುವಂತಿರಲಿಲ್ಲ. ಅವರು ನಿಂತಲ್ಲೇ ನಿಂತರು.

ಬಿಂದಿಗೆ ಇಳಿಯಿತು, ತುಂಬಿ ಮೇಲೆ ಬಂತು. ತಿಮ್ಮಮ್ಮ ಬೇಲಿಯತ್ತ ತಿರುಗಿದಳು:

"ಏನ್ ನೋಡ್ತಾ ನಿಂತಿದ್ದೀರಿ? ಬಿಂದ್ಗೆ ತಗಂಡ್ ಬನ್ರವ್ವಾ!"