ಕೊನೆಯ ಸಾಲಿಗೂ ಕೇಳಿಸಿತು

ಆ ಹುಡುಗಿಗೆ ‘ಮಾಡೆಲ್ ರಾಣಿ’ ಎಂಬ ಅಡ್ಡಹೆಸರು ಬಿದ್ದದ್ದು ಆರನೇ ತರಗತಿಯಲ್ಲಿ. ಜ್ವಾಲಾಮುಖಿ ಮಾಡಿಕೊಂಡು ಬನ್ನಿ ಎಂದಾಗ ಉಳಿದವರು ಮಣ್ಣಿನ ಗುಡ್ಡೆಗೆ ಕೆಂಪು ಬಣ್ಣ ಬಳಿದು ತಂದಿದ್ದರು. ಇವಳ ಬೆಟ್ಟಕ್ಕೆ ಮೆಟ್ಟಿಲು, ಮರ, ಬುಡದಲ್ಲೊಂದು ಊರು ಎಲ್ಲ ಇದ್ದವು. ಗುಂಡಿ ಒತ್ತಿದರೆ ಹೊಗೆಯೂ ಬರುತ್ತಿತ್ತು. ಏಳರಲ್ಲಿ ತೂಗುಸೇತುವೆ, ಎಂಟರಲ್ಲಿ ಬಡಿಯುವ ಹೃದಯ. ಪ್ರತಿ ವರ್ಷವೂ ಮೊದಲ ಬಹುಮಾನ. ಬರಬರುತ್ತ ‘ಮಾಡೆಲ್’ ಉದುರಿಹೋಗಿ ಬರೀ ‘ರಾಣಿ’ ಉಳಿಯಿತು.

ಯಾರೂ ಬಾಯಿಬಿಟ್ಟು ಹೇಳದ, ಆದರೆ ಎಲ್ಲರಿಗೂ ಗೊತ್ತಿದ್ದ ಸಂಗತಿಯೊಂದಿತ್ತು. ಮಾಡೆಲ್ ಮಾಡುತ್ತಿದ್ದದ್ದು ರಾಣಿಯಲ್ಲ, ಅವಳ ಅಪ್ಪ. ಅಂಗಡಿಗಳಿಗೆ ಬೋರ್ಡು ಮಾಡಿಕೊಡುವುದು ಅವನ ಕಸುಬು. ಮರ, ತಗಡು, ಬಣ್ಣ, ದೀಪ ಎಲ್ಲವೂ ಅವನ ಮಾತು ಕೇಳುತ್ತಿದ್ದವು. ಮಗಳು ಶಾಲೆಯಿಂದ ಬಂದು “ಅಪ್ಪ, ಪ್ರಾಜೆಕ್ಟು” ಅಂದರೆ ಸಾಕು, ಕೈಯಲ್ಲಿದ್ದ ಕೆಲಸ ಬದಿಗಿಟ್ಟು ತೋಳು ಮಡಚುತ್ತಿದ್ದ. “ನೀನು ಸುಮ್ನೆ ಅಂಟಿನ ಡಬ್ಬಿ ಹಿಡ್ಕೊಂಡು ನಿಂತ್ಕೋ ಪುಟ್ಟಿ” ಅನ್ನುತ್ತಿದ್ದ. ಅವಳು ನಿಂತಿರುತ್ತಿದ್ದಳು. ಅಂಟಿನ ಡಬ್ಬಿ ಹಿಡಿಯುವುದರಲ್ಲಿ ಅವಳಷ್ಟು ಪಳಗಿದವರು ಇಡೀ ಶಾಲೆಯಲ್ಲಿ ಇರಲಿಲ್ಲ.

ಒಂಬತ್ತನೇ ತರಗತಿಗೆ ಹೊಸ ವಿಜ್ಞಾನದ ಮೇಡಂ ಬಂದರು. ರಾಣಿ ತಂದ ಗಾಳಿಯಂತ್ರ ತಿರುಗಿದಾಗ ಪುಟ್ಟ ದೀಪ ಹೊತ್ತಿಕೊಂಡು ತರಗತಿ ಚಪ್ಪಾಳೆ ತಟ್ಟಿತು. ಮೇಡಮ್ಮೂ ತಟ್ಟಿದರು. ಆಮೇಲೆ ಬಗ್ಗಿ ನೋಡುತ್ತ ಕೇಳಿದರು, “ಈ ದೊಡ್ಡ ಚಕ್ರಕ್ಕೆ ಚಿಕ್ಕ ಚಕ್ರ ಸೇರಿಸಿದೀಯಲ್ಲ, ಯಾಕೆ? ಎರಡೂ ಒಂದೇ ಅಳತೆ ಇದ್ದಿದ್ರೆ ಏನಾಗ್ತಿತ್ತು?”

ರಾಣಿ ಆ ಚಕ್ರಗಳನ್ನು ಅವತ್ತೇ ಮೊದಲ ಸಲ ಕಂಡವಳ ಹಾಗೆ ನೋಡಿದಳು. ಮೇಡಂ ಬೈಯಲಿಲ್ಲ. ಗಂಟೆ ಹೊಡೆದು ಎಲ್ಲರೂ ಹೋದ ಮೇಲೆ ಅವಳನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು, “ನಿಮ್ಮಪ್ಪನ ಕೈ ತುಂಬ ಚೆನ್ನಾಗಿದೆಯಮ್ಮ. ನಿನ್ನ ಕೈ ಹೇಗಿದೆ ಅಂತ ನಾನು ನೋಡ್ಬೇಕು.”

ಮರುದಿನವೇ ಹೊಸ ಕಟ್ಟಳೆ ಬಂತು. ಇನ್ನು ಮುಂದೆ ಎಲ್ಲ ಪ್ರಾಜೆಕ್ಟುಗಳೂ ಶಾಲೆಯಲ್ಲೇ, ಮೂರು ಮೂರು ಜನರ ಗುಂಪಿನಲ್ಲಿ. ಮನೆಯಲ್ಲಿ ಯಾರಿಂದ ಬೇಕಾದರೂ ಏನನ್ನಾದರೂ ಕಲಿತು ಬರಬಹುದು, ಮಾಡಿಸಿಕೊಂಡು ಬರುವ ಹಾಗಿಲ್ಲ.

ಸುದ್ದಿ ಕೇಳಿ ಅಪ್ಪನ ಮುಖ ಸಪ್ಪಗಾಯಿತು. “ಹಾಗಾದ್ರೆ ಈ ವರ್ಷ ನೀವು ಫೇಲು ಬಿಡಿ” ಎಂದು ಅಮ್ಮ ನಕ್ಕಳು. ಅಪ್ಪ ನಗಲಿಲ್ಲ. ರಾಣಿಯೂ ನಗಲಿಲ್ಲ.

ಅವಳ ಗುಂಪಿಗೆ ಸಿಕ್ಕಿದವರು ಇಬ್ಬರು. ಒಬ್ಬಳು ‘ಗುಡುಗು’. ಗುಟ್ಟು ಹೇಳಿದರೂ ಪಕ್ಕದ ತರಗತಿಗೆ ಕೇಳಿಸುವಂಥ ಗಂಟಲು ಅವಳದು. ಇನ್ನೊಬ್ಬ ‘ಕನ್ನಡಕ’. ದಪ್ಪ ಗಾಜಿನ ಹಿಂದಿನಿಂದ ಲೋಕವನ್ನು ಅನುಮಾನದಿಂದ ನೋಡುತ್ತ, ಮಾತಿಗೆ ಮೊದಲು ‘ಆದ್ರೆ’ ಸೇರಿಸುವ ಹುಡುಗ. ಮೊದಲ ಕೆಲಸ ರಟ್ಟು ಮತ್ತು ಕನ್ನಡಿ ಸೇರಿಸಿ ಗೋಡೆಯಾಚೆ ಇಣುಕುವ ಕೊಳವೆ ಮಾಡುವುದು. ರಾಣಿ ಇದ್ದಾಳೆಂದು ಇಬ್ಬರೂ ಹಿಗ್ಗಿದರು. ಅವಳು ಕತ್ತರಿಸಿದ ರಟ್ಟು ಇಲಿ ಕಡಿದ ಹಾಗಿತ್ತು.

“ಅಯ್ಯೋ ರಾಣಿ, ನಿಂಗೆ ಕತ್ತರಿ ಹಿಡಿಯೋಕೇ ಬರಲ್ವಾ?” ಎಂದಳು ಗುಡುಗು. ಮೂರು ಕೋಣೆಗಳಿಗೆ ಅದು ಕೇಳಿಸಿತು.

ರಾಣಿ ಕೈ ತೊಳೆಯುವ ನೆಪದಲ್ಲಿ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಮೊದಲ ಬಹುಮಾನಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದು ಹೋದವು. ಅಂಟಿನ ಡಬ್ಬಿ ಹಿಡಿದದ್ದು ಬಿಟ್ಟರೆ ತನ್ನದೆನ್ನುವುದು ಅವುಗಳಲ್ಲಿ ಏನೂ ಇರಲಿಲ್ಲ. ಮುಖ ತೊಳೆದು ವಾಪಸು ಬಂದು ಕನ್ನಡಕನ ಪಕ್ಕ ಕೂತಳು. “ಹೇಗೆ ಹಿಡೀಬೇಕು ತೋರಿಸು” ಎಂದಳು. ಅಷ್ಟು ಕೇಳುವುದಕ್ಕೆ ಅವಳಿಗೆ ಬಡಿಯುವ ಹೃದಯ ತೋರಿಸಿ ಬಹುಮಾನ ಪಡೆಯುವುದಕ್ಕಿಂತ ಹೆಚ್ಚು ಧೈರ್ಯ ಬೇಕಾಯಿತು. ಕೊಳವೆಯೇನೋ ತಯಾರಾಯಿತು. ಇಣುಕಿದವರಿಗೆ ಗೋಡೆಯಾಚೆಯ ಬದಲು ತಮ್ಮ ಗಲ್ಲವೇ ಕಂಡಿತು. ಕನ್ನಡಿಯನ್ನು ಮೂರು ಸಲ ಕಿತ್ತು ಕೂರಿಸಿದ ಮೇಲೆ ಆಚೆಯ ಸೈಕಲ್ ಸ್ಟ್ಯಾಂಡು ಕಾಣಿಸಿತು. ಸೈಕಲ್ ಸ್ಟ್ಯಾಂಡು ನೋಡಿ ಅಷ್ಟು ಕುಣಿದವರನ್ನು ಮೇಡಂ ಅದುವರೆಗೆ ಕಂಡಿರಲಿಲ್ಲ.

ಮುಂದಿನ ಪ್ರಾಜೆಕ್ಟು ದೊಡ್ಡದು. ಶಾಲೆಯ ಒಂದು ತೊಂದರೆ ಹುಡುಕಿ, ಸರಿಮಾಡಿ ತೋರಿಸಬೇಕು.

“ಹಾಲ್” ಎಂದಳು ರಾಣಿ ತಕ್ಷಣ.

ಹೊಸ ಸಭಾಂಗಣ ನೋಡಲು ಚೆಂದ. ಎತ್ತರದ ಸೂರು, ನುಣುಪಾದ ಗೋಡೆ, ಹೊಳೆಯುವ ನೆಲ. ಮಾತಾಡಿದರೆ ಮಾತ್ರ ಬಾವಿಗೆ ಬಗ್ಗಿ ಕೂಗಿದ ಹಾಗೆ. ಉದ್ಘಾಟನೆಯ ದಿನ ಹೆಡ್ ಮೇಷ್ಟ್ರು ಮಾಡಿದ ಭಾಷಣದಲ್ಲಿ ಹಿಂದಿನ ಸಾಲಿನವರಿಗೆ ಅರ್ಥವಾದದ್ದು “ಧನ್ಯವಾದ” ಒಂದೇ, ಅದೂ ಅವರು ಕೈಮುಗಿದದ್ದರಿಂದ.

“ಆದ್ರೆ ಎಷ್ಟು ಕೆಟ್ಟದಾಗಿದೆ ಅಂತ ಹೇಗೆ ಅಳೆಯೋದು?” ಎಂದ ಕನ್ನಡಕ. ಒಳ್ಳೆಯ ಪ್ರಶ್ನೆಯೇ. ಮೂವರೂ ತಲೆ ಕೆರೆದುಕೊಂಡು ಒಂದು ಉಪಾಯ ಹೂಡಿದರು. ಒಬ್ಬರು ವೇದಿಕೆಯಿಂದ ಬಿಡಿ ಬಿಡಿ ಪದಗಳನ್ನು ಓದುವುದು, ಕೆಳತರಗತಿಯ ಮಕ್ಕಳು ಕೊನೆಯ ಸಾಲಿನಲ್ಲಿ ಕೂತು ಕೇಳಿಸಿದ್ದನ್ನು ಬರೆಯುವುದು. ಗುಡುಗು ಎದೆಯುಬ್ಬಿಸಿ ಓದಿದಳು. ‘ಗಂಟೆ’ ಎಂದದ್ದು ‘ತಂಟೆ’ಯಾಯಿತು, ‘ಬೀಗ’ ‘ಬೇಗ’ವಾಯಿತು, ‘ಕತ್ತೆ’ಯಂತೂ ಎಲ್ಲರ ಹಾಳೆಯಲ್ಲೂ ‘ಅತ್ತೆ’ಯಾಗಿ ಕೂತಿತ್ತು. ಇನ್ನೂ ಜೋರಾಗಿ ಕೂಗಿದಳು. ಗದ್ದಲ ಹೆಚ್ಚಾಯಿತೇ ಹೊರತು ಪದ ತಿಳಿಯಾಗಲಿಲ್ಲ. ತನ್ನ ಗಂಟಲಿಂದ ಆಗದ ಕೆಲಸವೂ ಒಂದಿದೆಯೆಂದು ಗುಡುಗಿಗೆ ಅಂದು ಮೊದಲ ಸಲ ಗೊತ್ತಾಯಿತು.

ಗೋಡೆಗೆ ಮೊಟ್ಟೆಯ ರಟ್ಟು ಅಂಟಿಸಿದರೆ ಪ್ರತಿಧ್ವನಿ ಹೋಗುತ್ತದೆಂದು ಯಾರನ್ನು ಕೇಳಿದರೂ ಹೇಳಿದರು. ಬೇಕರಿಯವನು ಖಾಲಿ ರಟ್ಟುಗಳ ರಾಶಿಯನ್ನೇ ಕೊಟ್ಟ. ವಾರವಿಡೀ ಕೂತು ಒಂದು ಗೋಡೆ ತುಂಬ ಅಂಟಿಸಿದರು. ಹೆಡ್ ಮೇಷ್ಟ್ರು ಇಣುಕಿ, “ಏನ್ರಪ್ಪಾ, ಕೋಳಿ ಸಾಕ್ತೀರಾ?” ಎಂದು ಹೋದರು. ಮತ್ತೆ ಪರೀಕ್ಷೆ ಮಾಡಿದರು. ಕತ್ತೆ ಇನ್ನೂ ಅತ್ತೆಯಾಗಿಯೇ ಇತ್ತು.

ರಾಣಿ ಸುಸ್ತಾಗಿ ನೆಲದ ಮೇಲೆ ಕೂತಳು. ಹಿಂದಾಗಿದ್ದರೆ ಈ ಹೊತ್ತಿಗೆ ಅಪ್ಪ ಬಂದು, ಸರಿ ಮಾಡಿ, ಬಣ್ಣ ಬಳಿದು ಮುಗಿಸಿರುತ್ತಿದ್ದ. ಮೇಡಂ ಬಂದು ಪಕ್ಕದಲ್ಲೇ ಕೂತರು. “ಆಗ್ಲಿಲ್ಲ ಅನ್ನೋದನ್ನೂ ಬರ್ದಿಡಿ. ಅದೂ ನೀವು ಕಂಡ್ಕೊಂಡಿದ್ದೇ ತಾನೆ?” ಎಂದರು.

ದಾರಿ ತೋರಿಸಿದ್ದು ಒಂದು ಚಳಿಯ ಬೆಳಿಗ್ಗೆ. ಮೈದಾನ ಒದ್ದೆಯಾಗಿದ್ದರಿಂದ ಬೆಳಗಿನ ಪ್ರಾರ್ಥನೆಗೆ ಇಡೀ ಶಾಲೆಯನ್ನು ಸಭಾಂಗಣಕ್ಕೆ ತುಂಬಿದ್ದರು. ಎಲ್ಲರ ಮೈಮೇಲೂ ಉಣ್ಣೆಯ ಸ್ವೆಟರು. ಹೆಡ್ ಮೇಷ್ಟ್ರು ಶಿಸ್ತಿನ ಬಗ್ಗೆ ಮಾತಾಡಿದರು, ದುರದೃಷ್ಟಕ್ಕೆ ಆ ದಿನ ಎಲ್ಲರಿಗೂ ಎಲ್ಲವೂ ಅರ್ಥವಾಯಿತು. ಉಳಿದವರು ಆಕಳಿಸುತ್ತಿದ್ದರೆ ರಾಣಿ ನೆಟ್ಟಗಾದಳು. ಖಾಲಿ ಇದ್ದಾಗ ಬಾವಿಯಂತಿದ್ದ ಜಾಗ ಇವತ್ತು ಯಾಕೆ ಸುಮ್ಮನಿದೆ? ಗೋಡೆ ಅದೇ, ಸೂರು ಅದೇ. ಹೊಸದಾಗಿ ಬಂದದ್ದು ಜನ, ಅವರ ಮೈಮೇಲಿನ ಉಣ್ಣೆ.

“ಮೆತ್ತಗಿರೋದು ಸದ್ದನ್ನ ಕುಡೀತಿದೆ ಕಣೋ!” ಎಂದು ಕನ್ನಡಕನ ತೋಳು ಹಿಡಿದಳು. “ರಟ್ಟು ತೆಳು, ಗಟ್ಟಿ. ನಮಗೆ ದಪ್ಪಗಿರೋದು, ಮೆತ್ತಗಿರೋದು ಬೇಕು.”

“ಆದ್ರೆ…” ಎಂದು ಶುರುಮಾಡಿದವನು ಅಲ್ಲೇ ನಿಂತ. ಆ ವರ್ಷ ಅವನ ‘ಆದ್ರೆ’ಗೆ ಮುಂದೆ ಮಾತು ಸಿಗದೆ ಹೋದದ್ದು ಅದೊಂದೇ ಸಲ.

ಅಮ್ಮ ಕೆಲಸ ಮಾಡುತ್ತಿದ್ದ ಲಾಂಡ್ರಿಯಲ್ಲಿ, ಒಗೆಯಲು ಕೊಟ್ಟು ಮರೆತುಹೋದವರ ಕಂಬಳಿಗಳು ವರ್ಷಗಟ್ಟಲೆಯಿಂದ ಅಟ್ಟದಲ್ಲಿ ಬಿದ್ದಿದ್ದವು. ಅಮ್ಮ ಮಾಲೀಕರನ್ನು ಕೇಳಿದಳು. “ಅಟ್ಟ ಖಾಲಿಯಾದ್ರೆ ನಿಮ್ಮ ಮಗಳಿಗೆ ನಾನೇ ಬಹುಮಾನ ಕೊಡ್ತೀನಿ” ಎಂದರಂತೆ. ಕಂಬಳಿಗಳು ಬಂದವು. ಅವನ್ನು ಮಡಚಿ ಬಿಗಿಯಲು ಮರದ ಚೌಕಟ್ಟು ಬೇಕಿತ್ತು.

ಆ ಸಂಜೆ ರಾಣಿ ಅಪ್ಪನ ಅಂಗಡಿಯ ಹಿಂದಿನ ಶೆಡ್ಡಿಗೆ ಹೋದಳು. ವಿಷಯ ಕೇಳುತ್ತಿದ್ದ ಹಾಗೇ ಅಪ್ಪನ ಕಣ್ಣು ಅರಳಿತು. ಗರಗಸಕ್ಕೆ ಕೈಹಾಕಿಯೇಬಿಟ್ಟ.

“ಚೌಕಟ್ಟು ತಾನೆ? ಎಷ್ಟು ಬೇಕು ಹೇಳು, ನಾಳೆ ಬೆಳಿಗ್ಗೆಯೊಳಗೆ…”

“ಬೇಡಪ್ಪ. ನಂಗೆ ಕಲಿಸು.”

“ಮೇಡಮ್ಗೆ ಎಲ್ಲಿ ಗೊತ್ತಾಗುತ್ತೆ?”

“ಅವರಿಗೆ ಗೊತ್ತಾಗುತ್ತೆ ಅಂತಲ್ಲ. ನೀನು ಮಾಡಿದ್ರೆ ನಿಂಗೆ ಬರುತ್ತೆ. ಅದು ಮೊದಲೇ ಬರುತ್ತಲ್ಲ ನಿಂಗೆ. ನಂಗೆ ಬರೋದು ಯಾವಾಗ?”

ಅಪ್ಪ ಮಗಳ ಮುಖ ನೋಡಿದ. ಆಮೇಲೆ ಬೇಡದ ಮರದ ತುಂಡೊಂದನ್ನು ಅವಳ ಮುಂದಿಟ್ಟು, ಗರಗಸ ಅವಳ ಕೈಗೆ ಕೊಟ್ಟ. “ಒತ್ತಬೇಡ. ಉದ್ದಕ್ಕೆ ಎಳಿ. ಅವಸರ ನಿಂದು, ಅದರದ್ದಲ್ಲ.” ಗೆರೆ ಒಂದು ಕಡೆ, ಗರಗಸ ಇನ್ನೊಂದು ಕಡೆ ಹೋಯಿತು. ಅಪ್ಪನ ಬೆರಳುಗಳು ಚಡಪಡಿಸಿದವು. “ಕೊಡಿಲ್ಲಿ, ಎರಡೇ ನಿಮಿಷ” ಅನ್ನಲು ಬಾಯಿ ತೆರೆದವನು ಅದನ್ನು ನುಂಗಿಕೊಂಡು ಎರಡೂ ಕೈಗಳನ್ನು ಜೇಬಿಗೆ ತುರುಕಿದ. ಬಾಯಿ ಕಟ್ಟಬಹುದು, ಕೈ ಕಟ್ಟುವುದು ಕಷ್ಟ ಎಂದು ಆಮೇಲೆ ಅಮ್ಮನ ಹತ್ತಿರ ಹೇಳಿಕೊಂಡನಂತೆ. ಆ ವಾರ ದಿನವೂ ಸಂಜೆ ಅವಳು ಬಂದಳು. ಅಂಗೈಯಲ್ಲಿ ಬೊಬ್ಬೆ ಎದ್ದವು, ಒಡೆದವು. ವಾರದ ಕೊನೆಗೆ ಗರಗಸ ಗೆರೆಯ ಮೇಲೆಯೇ ಹೋಗತೊಡಗಿತು, ಹೆಚ್ಚುಕಮ್ಮಿ.

ಶಾಲೆಯಲ್ಲಿ ಅವಳು ಉಳಿದಿಬ್ಬರಿಗೆ ಕಲಿಸಿದಳು. ಕನ್ನಡಕ ಎರಡು ಸಲ ಹೆಬ್ಬೆರಳಿಗೆ ಸುತ್ತಿಗೆ ಹೊಡೆದುಕೊಂಡ. ಗುಡುಗು ಮೊಳೆಗಳನ್ನು ಬೈದು ಬೈದು ನೆಟ್ಟಗೆ ನಿಲ್ಲಿಸಿದಳು. ಚೌಕಟ್ಟುಗಳು ತಯಾರಾದವು. ಕೆಲವು ಮೂಲೆಗಳು ಬಾಯಿ ಬಿಟ್ಟಿದ್ದವು. ಕಂಬಳಿ ಬಿಗಿದು, ಹಿಂದಿನ ಗೋಡೆಗೂ ಎರಡು ಪಕ್ಕಕ್ಕೂ ಅವನ್ನು ತೂಗುಹಾಕಿ ಅದೇ ಮಕ್ಕಳನ್ನು ಕರೆದು ಕೂರಿಸಿದರು. ಈ ಸಲ ಗುಡುಗು ಪಿಸುಮಾತಿಗಿಂತ ಸ್ವಲ್ಪವೇ ಜೋರಾಗಿ ಓದಿದಳು. ರಾಣಿ ಹಾಳೆಗಳನ್ನು ತಿರುವಿದಳು. ಗಂಟೆ, ಬೀಗ, ಕತ್ತೆ. ಒಂದಾದ ಮೇಲೊಂದು ಹಾಳೆಯಲ್ಲಿ ಕತ್ತೆ, ಕತ್ತೆ, ಕತ್ತೆ. ಆ ಪದ ಅಷ್ಟು ಸುಂದರವಾಗಿ ಅವಳಿಗೆ ಹಿಂದೆಂದೂ ಕಂಡಿರಲಿಲ್ಲ.

ಪ್ರಾಜೆಕ್ಟುಗಳ ದಿನ ತಂದೆತಾಯಿಯರು ಬಂದರು. ಸಭೆ ತುಂಬಿದರೆ ಜನರೇ ಸದ್ದು ಕುಡಿದುಬಿಡುತ್ತಾರೆ, ಕಂಬಳಿಯ ಕೆಲಸ ಗೊತ್ತಾಗುವುದಿಲ್ಲವೆಂದು ರಾಣಿ ಮೊದಲು ಹತ್ತಿಪ್ಪತ್ತು ಜನರನ್ನು ಮಾತ್ರ ಒಳಗೆ ಕರೆಸಿದ್ದಳು. ಅಪ್ಪ ಅಮ್ಮ ಕೊನೆಯ ಸಾಲಿನಲ್ಲಿ ಕೂತರು. ರಾಣಿ ಉಳಿದಿಬ್ಬರ ಜೊತೆ ವೇದಿಕೆಗೆ ಬಂದು ಮೊಟ್ಟೆಯ ರಟ್ಟಿನ ಕಥೆಯಿಂದಲೇ ಶುರುಮಾಡಿದಳು. ಸೋತದ್ದನ್ನು ನಗುತ್ತ ಹೇಳಿದಳು, ಗೆದ್ದದ್ದು ಯಾಕೆಂದು ವಿವರಿಸಿದಳು. ಅತಿಥಿಯಾಗಿ ಬಂದಿದ್ದ ಇಂಜಿನಿಯರು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದರು. ಕಂಬಳಿ ಎಷ್ಟು ಪದರ, ಯಾಕೆ ಅಷ್ಟೇ, ಹಿಂದಿನ ಗೋಡೆಯೇ ಯಾಕೆ. ಅವಳು ತಡವರಿಸಲಿಲ್ಲ.

“ಚೌಕಟ್ಟನ್ನ ಗೋಡೆಯಿಂದ ಸ್ವಲ್ಪ ದೂರ ಇಟ್ರೆ?”

“ಗೊತ್ತಿಲ್ಲ ಸರ್. ಮಾಡಿ ನೋಡಿಲ್ಲ. ಮುಂದಿನ ವಾರ ನೋಡ್ತೀವಿ” ಎಂದಳು ರಾಣಿ, ತಲೆ ತಗ್ಗಿಸದೆ. ಇಂಜಿನಿಯರು ಮೆಚ್ಚಿ ತಲೆದೂಗಿದರು. ಬಾಗಿಲ ಬಳಿ ನಿಂತಿದ್ದ ಮೇಡಂ ಸೆರಗಿನ ತುದಿಯಿಂದ ಕಣ್ಣಿನ ಕಸವನ್ನೇನೋ ತೆಗೆಯುತ್ತಿದ್ದರು.

ಅಷ್ಟರಲ್ಲಿ ಕೊನೆಯ ಸಾಲಿನಲ್ಲಿ ಅಪ್ಪನ ಪರಿಚಯದ ಅಂಗಡಿಯವರೊಬ್ಬರು ಅವನ ಕಡೆ ವಾಲಿ, “ನಿಮ್ಮ ಕೈಕೆಲಸ ತಾನೆ?” ಎಂದು ಕಣ್ಣು ಮಿಟುಕಿಸಿದರು.

“ನಂದಾ?” ಎಂದ ಅಪ್ಪ. “ಸ್ವಾಮೀ, ಸರಿಯಾಗಿ ನೋಡಿ. ನಾನು ಮಾಡಿದ್ರೆ ಮೂಲೆ ಹೀಗೆ ಬಾಯಿ ಬಿಡ್ತಿತ್ತಾ? ಒಂದು ಮೊಳೆನೂ ನಾನು ಮುಟ್ಟಿಲ್ಲ. ಪೂರ್ತಿ ನನ್ನ ಮಗಳದು!”

ಪಕ್ಕದವರಿಗಷ್ಟೇ ಎಂದು ಅವನು ಹೇಳಿದ್ದ. ಆದರೆ ಸಭಾಂಗಣ ಈಗ ಮೊದಲಿನ ಸಭಾಂಗಣವಲ್ಲವಲ್ಲ. ಒಂದಕ್ಷರವೂ ಕಲಸದೆ ಮಾತು ನೇರ ವೇದಿಕೆಗೆ ಬಂದು ತಲುಪಿತು. ಇಡೀ ಕೋಣೆ ಘೊಳ್ಳೆಂದು ನಕ್ಕಿತು. ಅಪ್ಪ ನಾಲಿಗೆ ಕಚ್ಚಿಕೊಂಡ. ಅಮ್ಮ ಅವನ ಮೊಣಕೈಗೆ ತಿವಿದಳು, ಆದರೆ ಅವಳ ಮುಖದ ತುಂಬ ನಗುವೇ.

ರಾಣಿ ಮಾತ್ರ ನಗಲಿಲ್ಲ. ವರ್ಷವರ್ಷವೂ ಮೊದಲ ಬಹುಮಾನ ಕೈಗೆ ಬಂದಾಗ ಆಗದ ಏನೋ ಒಂದು ಎದೆಯಲ್ಲಿ ಉಕ್ಕಿ ನಿಂತಿತು. ಪಕ್ಕದಲ್ಲಿ ಗುಡುಗು ಅವಳ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ಕನ್ನಡಕ ಗಾಜು ಒರೆಸಿಕೊಳ್ಳುತ್ತಿದ್ದ.

ನಗು ಅಡಗಿದ ಮೇಲೆ ಹೆಡ್ ಮೇಷ್ಟ್ರು ಎದ್ದು ನಿಂತರು. ಭಾಷಣ ಶುರುವಾಯಿತೆಂದು ಮಕ್ಕಳು ಗಾಬರಿಯಾದರು. ಅವರು ಕೇಳಿದ್ದು ಇಷ್ಟೇ: “ಚಿಕ್ಕ ಮಕ್ಕಳ ಊಟದ ಕೋಣೆಯಲ್ಲೂ ಇದೇ ಗೋಳು. ಅದನ್ನ ಯಾರು ನೋಡ್ತೀರಪ್ಪಾ?”

ಮೇಡಂ ಯಾರ ಹೆಸರನ್ನೂ ಸೂಚಿಸುವ ಮೊದಲೇ ವೇದಿಕೆಯ ಮೇಲೆ ಮೂರು ಕೈಗಳು ಎದ್ದಿದ್ದವು. ಎಲ್ಲಕ್ಕಿಂತ ಮೇಲಿದ್ದದ್ದು ರಾಣಿಯ ಕೈ.