ಬಾಗಿಲ ಪಕ್ಕದ ಬೆಂಚು

ಹೊಲಿಗೆಯಕ್ಕ ಅರ್ಧ ಹೊಲಿದ ಅಂಗಿಯನ್ನು ಮಿಷನ್ನಿನ ಮೇಲೇ ಬಿಟ್ಟು ಶಾಲೆಗೆ ಓಡಿ ಬಂದಿದ್ದಳು. ಕೈಯಲ್ಲಿ ಮೇಷ್ಟ್ರು ಕಳಿಸಿದ ಚೀಟಿ: 'ನಿಮ್ಮ ಮಗಳಿಗೆ ಓದು ಹತ್ತುವುದಿಲ್ಲ. ಶಾಲೆ ಬಿಡಿಸುವ ಅರ್ಜಿಗೆ ಇವತ್ತೇ ಸಹಿ ಹಾಕಿ.'

ಒಂಬತ್ತು ವರ್ಷದ ಮಗಳು ಕೊನೆಯ ಬೆಂಚಿನಲ್ಲಿ, ಬಾಗಿಲ ಪಕ್ಕ ಕೂತಿದ್ದಳು. ಈ ಮೇಷ್ಟ್ರದು ಒಂದು ಪದ್ಧತಿ. ಅಂಕ ಕಡಿಮೆಯಾದಷ್ಟೂ ಮಗು ಹಿಂದಕ್ಕೆ. ಎಂಥ ಬುದ್ಧಿವಂತಿಕೆ ನೋಡಿ! ಗಮನ ನಿಲ್ಲದ ಮಗುವನ್ನು ಎಲ್ಲರೂ ಓಡಾಡುವ ಬಾಗಿಲಲ್ಲಿ ಕೂರಿಸುವುದು, ಆಮೇಲೆ ಹೊರಗೆ ಯಾಕೆ ನೋಡುತ್ತೀಯ ಎಂದು ಬೈಯುವುದು!

"ದಿನಾ ಹತ್ತತ್ತು ಸಲ ಬರೆಸಿದೀನಮ್ಮ. ಆದ್ರೂ ಅಕ್ಷರ ತಿರುಗುಮುರುಗು. ಬರೀ ಸೋಮಾರಿತನ," ಎಂದರು ಮೇಷ್ಟ್ರು.

ಹೊಲಿಗೆಯಕ್ಕನಿಗೆ ಮೈಯೆಲ್ಲ ಉರಿಯಿತು. ಇದೇ ಮಾತು ನಂಬಿ ಮೊನ್ನೆ ತಾನೂ ಮಗಳಿಗೆ ಬಾರಿಸಿದ್ದಳು. ಅದು ನೆನಪಾಗಿ ಇನ್ನಷ್ಟು ಉರಿಯಿತು.

"ಸೋಮಾರಿನಾ? ಅಂಗಡೀಲಿ ಮೂರು ಜನರ ಅಳತೆ ಬಾಯಲ್ಲೇ ಒಪ್ಪಿಸ್ತಾಳೆ ಸಾರ್! ನಾಲ್ಕು ಕೆಲಸ ಒಟ್ಟಿಗೆ ಹೇಳಿದ್ರೆ ತಬ್ಬಿಬ್ಬಾಗ್ತಾಳೆ. ಒಂದೊಂದೇ ಹೇಳಿದ್ರೆ ಅಚ್ಚುಕಟ್ಟಾಗಿ ಮುಗಿಸ್ತಾಳೆ."

ಕಲಿಕೆಯ ತೊಡಕಿರುವ ಮಕ್ಕಳಿಗಾಗಿ ವಾರಕ್ಕೊಮ್ಮೆ ಬರುವ ವಿಶೇಷ ಶಿಕ್ಷಕಿ ಅಲ್ಲೇ ಇದ್ದರು. "ನಾನು ಬಡ್ಕೊಳ್ತಿರೋದೂ ಅದನ್ನೇ ಸರ್. ಮುಂದೆ ಕೂರಿಸಿ. ಒಂದು ಸಲಕ್ಕೆ ಒಂದೇ ಸೂಚನೆ ಕೊಡಿ. ಪ್ರಶ್ನೆ ಓದಿ ಹೇಳಿ, ಉತ್ತರ ಬಾಯಲ್ಲಿ ಕೇಳಿ."

"ನಲವತ್ತು ಮಕ್ಕಳಿದ್ದಾರೆ ಮೇಡಂ. ಒಬ್ಬಳಿಗೋಸ್ಕರ ಕುಣೀಲಾ?"

"ಕುಣೀಬೇಡಿ. ಓದಿ, ಸಾಕು." ಹುಡುಗಿಗೆ ಸೊನ್ನೆ ಬಂದಿದ್ದ ಪ್ರಶ್ನೆಪತ್ರಿಕೆಯನ್ನು ಅವರು ಮುಂದಿಟ್ಟರು.

ಮೇಷ್ಟ್ರು ಮುಖ ಗಂಟಿಕ್ಕಿಕೊಂಡೇ ಓದಿದರು. ಗಿಡ ಬಾಡುವುದು ಯಾಕೆ? ಹುಡುಗಿ ಅಂಗಿಯ ಅಂಚು ತಿರುಚುತ್ತಾ ಬೇರು, ನೀರು, ಬಿಸಿಲು ಎಲ್ಲವನ್ನೂ ಹೇಳಿದಳು. ಐದು ಪ್ರಶ್ನೆ ಕೇಳಿದರು. ನಾಲ್ಕಕ್ಕೆ ಸರಿಯುತ್ತರ ಬಂತು.

ಮೇಷ್ಟ್ರು ಕನ್ನಡಕ ತೆಗೆದರು. "ಮೂವತ್ತು ವರ್ಷ ಪಾಠ ಮಾಡಿದೀನಿ. ಹೀಗೆ ಕೇಳ್ಬೇಕು ಅಂತ ಹೊಳೀಲೇ ಇಲ್ಲ."

"ಮೂವತ್ತು ವರ್ಷದಲ್ಲಿ ಎಷ್ಟು ಮಕ್ಕಳನ್ನ ಆ ಬಾಗಿಲಲ್ಲಿ ಕೂರಿಸಿದ್ರಿ ಸಾರ್? ಅವರೆಲ್ಲ ಈಗ ಎಲ್ಲಿದ್ದಾರೆ?" ಎಂದಳು ಹೊಲಿಗೆಯಕ್ಕ.

ಮೇಷ್ಟ್ರು ಅರ್ಜಿ ಹರಿದು ಹಾಕಿ, ಹುಡುಗಿಯ ಚೀಲವನ್ನು ತಾವೇ ತಂದು ಮೊದಲ ಬೆಂಚಿನ ಮೇಲಿಟ್ಟರು. ಹೊಲಿಗೆಯಕ್ಕ ಮಗಳನ್ನು ಹತ್ತಿರ ಎಳೆದುಕೊಂಡಳು. "ನನ್ನದೂ ತಪ್ಪಾಯ್ತು ಕಣಮ್ಮ," ಎಂದಳು.

ಗುರುಗಳೇ, ಇಂಥ ಮಗು ನಿಮ್ಮ ತರಗತಿಯಲ್ಲೂ ಇರಬಹುದು. ಹತ್ತು ಸಲ ಬರೆಸುವ ಶಿಕ್ಷೆ ಇವತ್ತೇ ನಿಲ್ಲಿಸಿ. ಕೂತು ಸಾಕಾದಾಗ ಎದ್ದು ಎರಡು ನಿಮಿಷ ಓಡಾಡಲು ಬಿಡಿ. ಕಲಿಕೆಯ ತೊಡಕು ಪರೀಕ್ಷಿಸುವ ತಜ್ಞರಿಗೆ ತೋರಿಸಿ ಎಂದು ಮನೆಯವರಿಗೆ ಸಮಾಧಾನದಿಂದ ಹೇಳಿ. 'ದಡ್ಡ' ಎಂಬ ಮಾತು ನಾಲಿಗೆಗೆ ಬಂದರೆ ನುಂಗಿಕೊಳ್ಳಿ. ಮಗು ಶಾಲೆ ಬಿಟ್ಟು ಹೋದ ಮೇಲೆ ನೀವು ಪಡುವ ಪಶ್ಚಾತ್ತಾಪ ಅದಕ್ಕೆ ಒಂದಕ್ಷರವನ್ನೂ ಕಲಿಸುವುದಿಲ್ಲ.