ಎರಡು ಟಕ್ಕಿನ ಸ್ವಿಚ್ಚು

ನಾನು ಒಂದು ಸ್ವಿಚ್ಚು. ಗೋಡೆಯ ಮೇಲೆ ಕೂತು, ಯಾರು ಬಂದು ಒತ್ತಿದರೂ ಬಗ್ಗುವ ಜಾತಿಯಲ್ಲ. ನನ್ನನ್ನು ಹಿಡಿದು ಎಳೆಯಬೇಕು. ಒಮ್ಮೆ ಎಳೆದರೆ ‘ಟಕ್’, ಚಿಕ್ಕ ದೀಪ. ಇನ್ನೊಮ್ಮೆ ಎಳೆದರೆ ಮತ್ತೊಂದು ‘ಟಕ್’, ದೊಡ್ಡ ದೀಪ. ನನ್ನನ್ನು ಬಟನ್ನು ಎಂದು ಕರೆದವರನ್ನು ಇವತ್ತಿಗೂ ಕ್ಷಮಿಸಿಲ್ಲ.

ಹುಟ್ಟಿದ್ದು ಬೆಂಗಳೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ. ಹಿತ್ತಾಳೆಯ ಕಡ್ಡಿ, ತಾಮ್ರದ ನಾಲಿಗೆ, ತುದಿಗೆ ಹಿಡಿದೆಳೆಯಲು ಒಂದು ಕಪ್ಪು ಗುಬುಟು. ಅಲ್ಲಿಂದ ಸೀದಾ ತಿಪಟೂರು–ಹುಳಿಯಾರು ಬಸ್ಸಿಗೆ ಬಂದೆ. ಆ ಬಸ್ಸಿನ ಡ್ರೈವರ್ ಸಣ್ಣವೀರಪ್ಪ. ಹೊತ್ತು ಮುಳುಗುತ್ತಲೇ ಅವರು ನನ್ನನ್ನು ಎಳೆದು, ಅದೇ ಬೆರಳುಗಳನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಹಿಂದೆ ಕೂತ ಹೆಂಗಸರೂ, ಮನೆಯಲ್ಲಿ ದೀಪ ಹಚ್ಚಿದಾಗ ಮಾಡುವಂತೆಯೇ, ಮಾತು ನಿಲ್ಲಿಸಿ ಕೈ ಮುಗಿಯುತ್ತಿದ್ದರು.

ಒಂದು ಗುಟ್ಟು ಹೇಳುತ್ತೇನೆ, ನಗಬೇಡಿ. ನಾನು ಹಚ್ಚಿದ ದೀಪವನ್ನು ನಾನೇ ಕಂಡವನಲ್ಲ. ದೀಪ ಉರಿಯುವುದು ಬಸ್ಸಿನ ಮುಂದೆ, ನನ್ನ ಮುಖವಿರುವುದು ಬಸ್ಸಿನ ಒಳಕ್ಕೆ. ಜನ ಕೈ ಮುಗಿದರೆ, ಓಹೋ, ಹತ್ತಿತು ಎಂದು ತಿಳಿಯುತ್ತಿದ್ದೆ. ಅಷ್ಟೇ ನನ್ನ ಬೆಳಕು.

ಹತ್ತೊಂಬತ್ತು ವರ್ಷ ಎಳೆದೂ ಎಳೆದೂ ನನ್ನ ಗುಬುಟಿನಲ್ಲಿ ಸಣ್ಣವೀರಪ್ಪನವರ ಹೆಬ್ಬೆರಳಿನ ಗುಳಿ ಬಿದ್ದಿತ್ತು. ಆಮೇಲೆ ಬಸ್ಸು ಗುಜರಿಗೆ ಹೋಯಿತು. ಅವರು ಕೊನೆಯ ಸಲ ನನ್ನನ್ನು ಎಳೆದಾಗ ಬ್ಯಾಟರಿಯೇ ಇರಲಿಲ್ಲ. ಆದರೂ ಬೆರಳನ್ನು ಕಣ್ಣಿಗೊತ್ತಿಕೊಂಡು ಇಳಿದು ಹೋದರು. ಅಯ್ಯೋ, ನನ್ನನ್ನೂ ಕರೆದುಕೊಂಡು ಹೋಗಿ ಎಂದು ಕೂಗಬೇಕೆನಿಸಿತ್ತು.

ಆಮೇಲೆ ತಿಪಟೂರಿನ ಆಟೋ ಎಲೆಕ್ಟ್ರಿಷಿಯನ್ ದಸ್ತಗೀರ್ ಅಂಗಡಿಯ ಬಿಸ್ಕತ್ತಿನ ಡಬ್ಬಿಯೇ ನನ್ನ ಮನೆ. ಸುಟ್ಟ ಫ್ಯೂಸುಗಳು, ತುಕ್ಕು ಹಿಡಿದ ಸ್ಕ್ರೂಗಳು, ಬಾಯಿ ಸತ್ತ ಒಂದು ಹಾರ್ನ್ ನನ್ನ ನೆಂಟರು. ಎಷ್ಟು ವರ್ಷವೋ ಲೆಕ್ಕವಿಲ್ಲ. ಮುಚ್ಚಳ ತೆರೆದಾಗಲೆಲ್ಲ ಸಣ್ಣವೀರಪ್ಪನವರೇ ಬಂದರೆಂದುಕೊಳ್ಳುತ್ತಿದ್ದೆ.

ಬಂದವರು ನಳಿನಾಕ್ಷಮ್ಮ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರಾಗಿದ್ದು ನಿವೃತ್ತರಾದವರು. ತಂದೆಯ ಕಾಲದ ಕಾರನ್ನು ರಿಪೇರಿ ಮಾಡಿಸುತ್ತಿದ್ದರು. ಎಂಜಿನ್ನು ಓಡುತ್ತಿತ್ತು, ಬಣ್ಣ ಹೊಡೆದಾಗಿತ್ತು. ದೀಪದ ಸ್ವಿಚ್ಚೊಂದು ಮಾತ್ರ ಎಂದೋ ಸುಟ್ಟುಹೋಗಿತ್ತು. ಊರೂರು ಹುಡುಕಿದರೂ ಅಂಥದ್ದು ಸಿಕ್ಕಿರಲಿಲ್ಲ. ದಸ್ತಗೀರ್ ಡಬ್ಬಿ ಬೋರಲು ಹಾಕಿದಾಗ ಅವರ ಕಣ್ಣು ನನ್ನ ಮೇಲೆ ಬಿತ್ತು.

“ಅದು ಬಸ್ಸಿಂದು ಕಣಮ್ಮ, ನಿಮ್ಮ ಕಾರಿಗೆ ಕೂರಲ್ಲ. ಒತ್ತೋ ಬಟನ್ ಹಾಕ್ಬಿಡ್ತೀನಿ, ಚೆನ್ನಾಗಿರ್ತದೆ.”

“ಬೇಡ ದಸ್ತಗೀರ್, ನಾನು ಎಳೀಬೇಕು. ಎರಡು ಸಲ ಟಕ್ ಅನ್ಬೇಕು. ಅಪ್ಪ ಹುಳಿಯಾರು ರಸ್ತೆ ಹಳ್ಳಿಗಳಿಗೆ ರೋಗಿ ನೋಡೋಕೆ ಹೊರಟ್ರೆ ನಾನು ಪಕ್ಕದ ಸೀಟು. ಹೊತ್ತು ಮುಳುಗಿದ ತಕ್ಷಣ, ‘ದೀಪ ಹಚ್ಚು ನಳಿನಿ’ ಅನ್ನೋರು. ಆ ಕೆಲಸ ಇನ್ಯಾರಿಗೂ ಕೊಟ್ಟೋರಲ್ಲ.” ನನ್ನನ್ನು ಕೈಗೆತ್ತಿಕೊಂಡು ಹೇಳಿದರು: “ನನ್ನ ಕಣ್ಣು ಹೋಗ್ತಾ ಇದೆಯಪ್ಪ. ಆರು ತಿಂಗಳು ಅಂದಿದ್ದಾರೆ ಡಾಕ್ಟ್ರು. ಅಷ್ಟರೊಳಗೆ ಆ ರಸ್ತೇಲಿ ಬೆಳಕು ಬೀಳೋದನ್ನ ಒಂದ್ಸಲ ನೋಡ್ಬೇಕು.”

ದಸ್ತಗೀರ್ ಮತ್ತೆ ಬಟನ್ನಿನ ಮಾತೆತ್ತಲಿಲ್ಲ. ಕಾರಿನ ಡ್ಯಾಶ್‌ಬೋರ್ಡಿನ ತೂತು ಸಣ್ಣದು, ನನ್ನ ಕುತ್ತಿಗೆ ದಪ್ಪ. ಅಷ್ಟು ಹಳೆಯ ಮರದ ಹಲಗೆಯನ್ನು ಕೊರೆಯಲು ಅವನಿಗೆ ಮನಸ್ಸಾಗಲಿಲ್ಲ; ನನ್ನನ್ನೇ ಅರ ಹಾಕಿ ಉಜ್ಜಿದ. ನೋವಾಯಿತು. ಉಜ್ಜಿದ ಮೇಲೂ ನಾನು ಅಲ್ಲಾಡುತ್ತಿದ್ದೆ. ದಸ್ತಗೀರ್ ತೆಂಗಿನ ಸೀಮೆ ತಿಪಟೂರಿನವನಲ್ಲವೇ! ಒಂದು ತೆಂಗಿನ ಚಿಪ್ಪು ಒಡೆದು, ಸಣ್ಣ ಬಿಲ್ಲೆ ಕೊಯ್ದು, ನಯ ಮಾಡಿ ನನ್ನ ಕೊರಳಿಗೆ ಹಾಕಿದ. ಅಲುಗದೆ ಕೂತೆ.

ಆಮೇಲೆ ನಳಿನಾಕ್ಷಮ್ಮ ಕುಂಕುಮದ ಭರಣಿಯಿಂದ ಒಂದು ಗುಬುಟು ತೆಗೆದುಕೊಟ್ಟರು. ಸುಟ್ಟ ಸ್ವಿಚ್ಚಿನಿಂದ ಉಳಿದದ್ದು ಅದೊಂದೇ. ದಸ್ತಗೀರ್ ನನ್ನ ಕಪ್ಪು ಗುಬುಟನ್ನು ತಿರುಗಿಸಿ ಬಿಚ್ಚಿ ಡಬ್ಬಿಗೆ ಹಾಕಿದ. ಸಣ್ಣವೀರಪ್ಪನವರ ಹೆಬ್ಬೆರಳು ಹೋಯಿತು. ಬೇರೆಯವರ ತಲೆ ಹೊತ್ತು ಬದುಕುವ ಸಂಕಟ ನಿಮಗೆ ಹೇಗೆ ಹೇಳಲಿ?

ಅಷ್ಟರಲ್ಲಿ ಇನ್ನೊಂದು ಎಡವಟ್ಟು. ನನ್ನ ಮೇಲಿನ ಪ್ರೀತಿಗೆ ದಸ್ತಗೀರ್ ನನ್ನ ಹೊಟ್ಟೆ ತುಂಬ ಗ್ರೀಸು ಮೆತ್ತಿಬಿಟ್ಟಿದ್ದ. ಎಳೆದರೆ ಸದ್ದೇ ಇಲ್ಲ! ನಳಿನಾಕ್ಷಮ್ಮನ ಮುಖ ಬಾಡಿತು.

“ಏನಯ್ಯಾ, ಮೂಗನ್ನಾಗಿ ಮಾಡ್ಬಿಟ್ಟೆಯಲ್ಲ ಇದನ್ನ!”

“ತಡೀರಮ್ಮ, ಬಾಯಿ ಬಿಡಿಸ್ತೀನಿ,” ಎಂದು ಅವನು ನನ್ನನ್ನು ಮತ್ತೆ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದ. ಟಕ್. ಟಕ್. ಆಕೆ ಚಿಕ್ಕ ಹುಡುಗಿಯ ಹಾಗೆ ನಕ್ಕರು.

ಅವತ್ತೇ ಸಂಜೆ ಹುಳಿಯಾರು ರಸ್ತೆಗೆ ಹೊರಟೆವು. ದಸ್ತಗೀರ್ ಸ್ಟಿಯರಿಂಗ್ ಹಿಡಿದಿದ್ದ, ನಳಿನಾಕ್ಷಮ್ಮ ಪಕ್ಕದ ಸೀಟಿನಲ್ಲಿ. ಹೊತ್ತು ಮುಳುಗಿತು. ಅವರ ಬೆರಳುಗಳು ನನ್ನನ್ನು ಹಿಡಿದು ಎಳೆದವು. ಟಕ್. ಟಕ್.

“ಹಚ್ಚಿದೆ ಕಣಪ್ಪಾ,” ಎಂದರು. ದಸ್ತಗೀರನಿಗಲ್ಲ, ತಂದೆಗೆ. ಆಮೇಲೆ ಅದೇ ಬೆರಳುಗಳನ್ನು ಕಣ್ಣಿಗೊತ್ತಿಕೊಂಡರು. ನನಗೆ ಗೊತ್ತಾಯಿತು, ದೀಪ ಹತ್ತಿದೆ. ಅದೇ ರಸ್ತೆ, ಅದೇ ಹೊತ್ತು. ಸಣ್ಣವೀರಪ್ಪನವರ ನೆನಪಾಗಿ ತಡೆಯಲಾಗಲಿಲ್ಲ.

ಈಗ ಕಾರು ಅವರ ಮನೆಯ ಶೆಡ್ಡಿನಲ್ಲಿದೆ, ನನಗೂ ವಯಸ್ಸಾಗಿದೆ. ನಳಿನಾಕ್ಷಮ್ಮನ ಕಣ್ಣು ಪೂರ್ತಿ ಹೋಗಿದೆ. ಆದರೂ ಸಂಜೆಯಾದರೆ ಗೋಡೆ ತಡವುತ್ತಾ ಬರುತ್ತಾರೆ. ಬಾಗಿಲು ತೆರೆದು ಪಕ್ಕದ ಸೀಟಿನಲ್ಲಿ ಕೂತು ನನ್ನನ್ನು ಎಳೆಯುತ್ತಾರೆ. ಹತ್ತಿತಾ ಎಂದು ಯಾರನ್ನೂ ಕೇಳುವುದಿಲ್ಲ. ನನ್ನ ಎರಡನೆಯ ಟಕ್ ಕೇಳಿಸಿಕೊಂಡು ಕೈ ಮುಗಿಯುತ್ತಾರೆ. ಅವರು ಕೈ ಮುಗಿದದ್ದನ್ನು ಕಂಡು, ಹತ್ತಿತು ಎಂದು ನಾನು ತಿಳಿಯುತ್ತೇನೆ.